ಕಂಬಳಿ ಹೊದ್ದ ಕಾರು

ಸುಭಾನ್ ಸಾಬರಷ್ಟು ಹೆದರುವ ಗಂಡಸನ್ನು ನಾನು ಚಿತ್ರದುರ್ಗದಲ್ಲಿ ಇನ್ನೊಬ್ಬನನ್ನು ಕಂಡಿಲ್ಲ. ನಮ್ಮ ಮನೆಗೂ ಅವರ ಮನೆಗೂ ನಡುವೆ ಒಂದೇ ಗೋಡೆ. ಹಿತ್ತಿಲ ಕಡೆ ಅದು ನನ್ನ ಎದೆಯೆತ್ತರ ಇತ್ತು. ಅದರ ಮೇಲೆ ಮೊಣಕೈ ಊರಿ ನಾನೂ ಅವರ ಹೆಂಡತಿ ತಾಜ್ ಬೀಯೂ ಹರಟದ ದಿನವಿಲ್ಲ. ಸಾಬರು ಮಾತ್ರ ಆ ಗೋಡೆ ಎಲ್ಲಿ ಬಿದ್ದುಬಿಡುತ್ತದೋ ಎಂದು ದೂರ ನಿಲ್ಲುತ್ತಿದ್ದರು. ತಾಜ್ ಬೀ ಪಂಪ್ ಸ್ಟೋವಿಗೆ ಗಾಳಿ ಹೊಡೆಯಲು ಶುರುಮಾಡಿದರೆ ಬೀದಿಗೇ ಬಂದುಬಿಡುವರು. ಇಂಥವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಮುಖಕ್ಕೆ ಹೇಳಿಯೂ ಬಿಡುತ್ತಿದ್ದೆ. "ಸಾಬ್ರೆ, ನಿಮ್ಮ ಪುಕ್ಕಲುತನ ನೋಡಿ ಕೋಳಿ ನಗ್ತವೆ" ಅಂದರೆ ಅವರೂ ನಗುವರು. ಪಾಪ, ಕೋಪ ಮಾಡಿಕೊಳ್ಳಲೂ ಅವರಿಗೆ ಹೆದರಿಕೆಯೇ.

ಆದರೆ ಅವರ ಹೆದರಿಕೆ ಸುಮ್ಮನೆ ಬಂದದ್ದಲ್ಲ. ವಯಸ್ಸಿನಲ್ಲಿ ಹೊರ ಊರಿನ ಒಂದು ಐಸ್ ಫ್ಯಾಕ್ಟರಿಯಲ್ಲಿ ಕೆಲಸಕ್ಕಿದ್ದರು. ಅಲ್ಲಿ ಒಂದು ಮಧ್ಯಾಹ್ನ ಅಮೋನಿಯಾ ಪೈಪು ಬಿರಿಯಿತು. ಸಾಬರು ಬಾಗಿಲ ಹತ್ತಿರವಿದ್ದರು, ಓಡಿದರು. ಒಳಗಿದ್ದ ಚಿಕ್ಕತಿಮ್ಮಪ್ಪನೆಂಬ ಜೊತೆಗಾರ ಬಾಗಿಲವರೆಗೆ ಬಂದೂ ಹೊಸ್ತಿಲು ದಾಟಲಿಲ್ಲ. ಸಾಬರ ಜೀವ ಉಳಿಯಿತು, ಮೂಗು ಹೋಯಿತು. ಅಂದಿನಿಂದ ಅವರಿಗೆ ಯಾವ ವಾಸನೆಯೂ ತಿಳಿಯುತ್ತಿರಲಿಲ್ಲ. ಹಾಲು ಕೆಟ್ಟಿದೆಯೋ ಇಲ್ಲವೋ ತಾಜ್ ಬೀ ಮೂಸಿ ಹೇಳಬೇಕು. ಸೀಮೆಎಣ್ಣೆ ಚೆಲ್ಲಿದ್ದರೆ ಅವಳೇ ಕೂಗಬೇಕು. ಗಂಡನ ಮೂಗಿನ ಕೆಲಸವನ್ನೂ ಹೊತ್ತುಕೊಂಡ ಹೆಂಗಸು ಅವಳು.

ಇಷ್ಟಾದರೂ ಹೊಟ್ಟೆಪಾಡಿಗೆ ಗೊತ್ತಿದ್ದದ್ದು ಅದೊಂದೇ ವಿದ್ಯೆ. ಊರಿಗೆ ವಾಪಸು ಬಂದು ಫ್ರಿಜ್ಜು ರಿಪೇರಿಗೆ ಇಳಿದರು. ಆಗ ದುರ್ಗದಲ್ಲಿ ಫ್ರಿಜ್ಜು ಇದ್ದದ್ದಾದರೂ ಎಲ್ಲಿ? ಇಬ್ಬರು ಮೂವರು ಡಾಕ್ಟರು, ಔಷಧಿ ಅಂಗಡಿ, ಒಂದೆರಡು ಲಾಡ್ಜು. ಫ್ರಿಜ್ಜಿನ ಗ್ಯಾಸೇ ಬೇರೆ, ಅಮೋನಿಯಾ ಅಲ್ಲ, ಅದಕ್ಕೆ ವಾಸನೆಯೂ ಇಲ್ಲ, ಅದು ಏನೂ ಮಾಡುವುದಿಲ್ಲ ಎಂದು ಸಿಲಿಂಡರ್ ಕೊಡುವ ಬೆಂಗಳೂರಿನ ಅಂಗಡಿಯವನು ಎಷ್ಟು ಸಲ ಹೇಳಿದ್ದನೋ. ಸಾಬರು ನಂಬುತ್ತಿರಲಿಲ್ಲ. "ವಾಸ್ನೆ ಇರೋದು ಬರ್ತಾ ಕೂಗಿ ಹೇಳ್ತೈತೆ ಜಯಕ್ಕ, ಓಡ್ಬಹುದು. ವಾಸ್ನೆ ಇಲ್ದಿರೋದು ಬಂದು ಪಕ್ಕದಾಗೆ ಕುಂತ್ರೂ ಗೊತ್ತಾಗಲ್ಲ" ಅನ್ನುವರು. ಪೈಪು ಸೇರುವ ಕಡೆಗೆಲ್ಲ ಸೋಪಿನ ನೀರು ಬಳಿದು, ಗುಳ್ಳೆ ಏಳುತ್ತದೆಯೇ ಎಂದು ಕಣ್ಣು ಮಿಟುಕಿಸದೆ ನೋಡುತ್ತಾ ಕೂರುವರು. ಅವರ ಕೈಯಲ್ಲಿ ರಿಪೇರಿಯಾದ ಫ್ರಿಜ್ಜು ಕೆಟ್ಟದ್ದು ಕಡಿಮೆ, ಆ ಹೆದರಿಕೆಯಿಂದಲೇ.

ತಾಜ್ ಬೀ ಇದಕ್ಕೆ ತದ್ವಿರುದ್ಧ. ದೊಡ್ಡ ಮೈಯ, ದೊಡ್ಡ ನಗುವಿನ ಹೆಂಗಸು. ಅವಳಿಗೆ ಇದ್ದ ಒಂದೇ ಶತ್ರು ಸೆಕೆ. ಅವರದು ತಗಡಿನ ಮಾಡು. ನಮ್ಮೂರಿನ ಕೋಟೆ ಬಂಡೆಗಳು ಹಗಲೆಲ್ಲ ಕಾದು, ಸೂರ್ಯ ಮುಳುಗಿದ ಮೇಲೆ ಆ ಕಾವನ್ನು ಊರಿನ ಮೇಲೆ ಬಿಡುತ್ತವೆ. ಮಾರ್ಚಿಯಿಂದ ಜೂನಿನವರೆಗೆ ಅವಳು ಸರಿಯಾಗಿ ಕಣ್ಣು ಮುಚ್ಚಿದ್ದನ್ನು ನಾನು ಕಂಡಿಲ್ಲ. ಕುತ್ತಿಗೆ, ಬೆನ್ನು ತುಂಬ ಬೆವರುಸಾಲೆ. ಸೀರೆ ಒದ್ದೆ ಮಾಡಿ ಮೈಮೇಲೆ ಹಾಕಿಕೊಂಡು, ಬೀಸಣಿಗೆ ಬೀಸಿಕೊಳ್ಳುತ್ತಾ, "ಜಯಕ್ಕ, ಒಂದೇ ಒಂದು ಸಲ ತಣ್ಣಗೆ ಮಲಗ್ಬೇಕು, ಆಮೇಲೆ ಅಲ್ಲಾ ಕರ್ಕೊಂಡ್ರೂ ಸರಿ" ಅನ್ನುತ್ತಿದ್ದಳು. ಬಾಯಿ ಮುಚ್ಚು ಎಂದು ಬೈಯುತ್ತಿದ್ದೆ.

ಎಪ್ಪತ್ತಾರನೇ ಇಸವಿಯ ಬೇಸಿಗೆಯಲ್ಲಿ ಭೀಮಸಮುದ್ರದ ಅಡಿಕೆ ವ್ಯಾಪಾರಿ ಈರಬಸಪ್ಪ ತನ್ನ ಕಾರು ತಂದು ಸಾಬರ ಮನೆ ಮುಂದೆ ನಿಲ್ಲಿಸಿದ. ಎರಡೇ ಸೀಟಿನ, ಮೇಲೆ ಮುಚ್ಚಳವಿಲ್ಲದ, ಹಸಿರು ಬಣ್ಣದ ಇಂಗ್ಲಿಷ್ ಕಾರು. ಯಾವನೋ ಬಿಳಿಯ ದೊರೆ ದೇಶ ಬಿಟ್ಟು ಹೋಗುವಾಗ ಮಾರಿದ್ದಂತೆ. ಮನೆಯ ಅಂಬಾಸಿಡರ್ ಅಣ್ಣನದು. ಆದ್ದರಿಂದ ಈರಬಸಪ್ಪನ ಮರ್ಯಾದೆಯೆಲ್ಲ ಈ ಹಸಿರು ಕಾರಿನ ಮೇಲೇ ನಿಂತಿತ್ತು. ಸೈಲೆನ್ಸರ್ ಒಡೆದು ಎಷ್ಟೋ ವರ್ಷ ಆಗಿತ್ತು. ಕಾರು ಭೀಮಸಮುದ್ರ ಬಿಟ್ಟರೆ ದುರ್ಗದಲ್ಲಿ ಕೇಳಿಸುತ್ತದೆ ಎಂದು ನಾವು ತಮಾಷೆ ಮಾಡುತ್ತಿದ್ದೆವು. ಹೊಗೆ ಕಾರಿನ ಹೊಟ್ಟೆಯ ಕೆಳಗೇ ಸೋರುತ್ತಿತ್ತು. ಸೋರಿದರೇನು? ಮೇಲೆ ಆಕಾಶ, ಸುತ್ತ ಗಾಳಿ, ಹೊಗೆ ಹಾರಿಹೋಗುತ್ತಿತ್ತು. ಯಾರೂ ತಲೆ ಕೆಡಿಸಿಕೊಂಡಿರಲಿಲ್ಲ.

ಹಿಂದಿನ ಬೇಸಿಗೆಯಲ್ಲಿ ಈರಬಸಪ್ಪ ನಾಗಪುರಕ್ಕೆ ಹೋಗಿದ್ದಾಗ, ಅಲ್ಲಿನ ಅಡಿಕೆ ಸೇಟು ಇವನನ್ನು ಏರ್ ಕಂಡೀಷನ್ ಕಾರಿನಲ್ಲಿ ಕೂರಿಸಿಕೊಂಡು ಊರು ತೋರಿಸಿದನಂತೆ. ಆ ತಂಪು ಇವನ ತಲೆಗೆ ಏರಿತು. ಈಗ ಅದೇ ಸೇಟು ಚಿಕ್ಕಜಾಜೂರು ಸ್ಟೇಷನ್ನಿಗೆ ಬಂದಿಳಿಯುವವನಿದ್ದ. "ಅವ್ನೂರಾಗೆ ಅವ್ನು ನನ್ನ ತಣ್ಣಗೆ ಕುಂದ್ರಿಸಿದ. ನಮ್ಮೂರಾಗೆ ನಾನು ಅವ್ನ ಬೇಯಿಸ್ಲಾ ಸಾಬ್ರೆ?" ಎಂದು ಕೇಳಿದ. ಬೊಂಬಾಯಿಯ ಗುಜರಿಯಿಂದ ಯಾವುದೋ ವಿದೇಶಿ ಕಾರಿನ ಏರ್ ಕಂಡೀಷನ್ ಸಾಮಾನು ಪೂರ್ತಿ ಬಿಚ್ಚಿಸಿ ತರಿಸಿಯೂ ಆಗಿತ್ತು. ಜಿಲ್ಲೆಯಲ್ಲಿ ಅದನ್ನು ಕೂರಿಸಬಲ್ಲವರು ಸಾಬರೊಬ್ಬರೇ ಎಂದು ಯಾರೋ ಹೇಳಿದ್ದರು.

ಸಾಬರಿಗೆ ಬೇಡ ಅನ್ನುವ ಆಸೆ. ಆದರೆ ಬೇಡ ಅನ್ನಲು ಧೈರ್ಯ ಬೇಕಲ್ಲ. "ನೋಡಾಣ ಸಾವ್ಕಾರ್ರೆ" ಅಂದರು. ಆ ಹೊತ್ತಿನಿಂದ ಅವರ ಅನ್ನ ನಿದ್ದೆ ಎರಡೂ ಕೆಟ್ಟವು.

ಕೆಲಸವೇನೋ ಚೆನ್ನಾಗಿಯೇ ಮಾಡಿದರು. ಗ್ಯಾಸು ಒತ್ತುವ ಕಂಪ್ರೆಸರನ್ನು ಇಂಜಿನ್ನಿನ ಪಕ್ಕ ಕಬ್ಬಿಣದ ಪಟ್ಟಿ ಬಡಿದು ಕೂರಿಸಿ, ಬೆಲ್ಟು ಹಾಕಿ ಇಂಜಿನ್ನಿಗೇ ಸೇರಿಸಿದರು. ಇಂಜಿನ್ ತಿರುಗಿದರೆ ಉಂಟು ತಂಪು, ನಿಂತರೆ ಇಲ್ಲ. ತಣ್ಣನೆ ಗಾಳಿ ಬಿಡುವ ಪೆಟ್ಟಿಗೆ ಎಡಗಡೆ ಸೀಟಿನವರ ಮೊಣಕಾಲಿನ ಮುಂದೆ ಬಂತು. ಆ ಪೆಟ್ಟಿಗೆಯಿಂದ ನೀರು ತೊಟ್ಟಿಕ್ಕುತ್ತದೆ. ಅದು ರಸ್ತೆಗೆ ಬೀಳಲೆಂದು ಕಾಲಡಿಯ ಹಲಗೆಗೆ ಎರಡು ಬೆರಳು ಹೋಗುವಷ್ಟು ಅಗಲದ ತೂತು ಕೊರೆದರು. ಆ ತೂತಿನ ನೇರ ಕೆಳಗೆ ಒಡೆದ ಸೈಲೆನ್ಸರ್ ಇತ್ತು. ನಾನೂ ಗೋಡೆಯಿಂದ ದಿನಾ ನೋಡುತ್ತಿದ್ದೆ, ಬೀದಿಯವರೂ ನೋಡುತ್ತಿದ್ದರು. ಗ್ಯಾಸಿನ ಪೈಪಿನ ಮೇಲೆ ಬಿದ್ದ ಅಷ್ಟು ಕಣ್ಣುಗಳಲ್ಲಿ ಒಂದೂ ಆ ಕಡೆ ತಿರುಗಲಿಲ್ಲ.

ಮೊದಲ ಸಲ ಓಡಿಸಿದಾಗ ತಂಪೇ ನಿಲ್ಲಲಿಲ್ಲ. ಕಾರಿನ ಮಡಚುವ ಕ್ಯಾನ್‌ವಾಸ್ ಮುಚ್ಚಳ ಜರಡಿಯಂತೆ ತೂತುಬಿದ್ದಿತ್ತು. ಪಕ್ಕದ ಪರದೆಗಳೂ ಹರಿದಿದ್ದವು. ಈರಬಸಪ್ಪ ಕೂಗಾಡಿದ. ಆಗ ಸಾಬರಿಗೇ ಹೊಳೆದ ಉಪಾಯ ಅದು: ಕಂಬಳಿ. ಬಿಸಿಲಲ್ಲಿ ಕುರಿ ಕಾಯುವವರು ಕಂಬಳಿ ಹೊದ್ದೇ ತಾನೆ ತಿರುಗುವುದು? ಹೊಸದುರ್ಗದ ಕಡೆಯ ಕುರುಬರ ಹಾಲಸ್ವಾಮಿ ಎಂಬ ನೇಕಾರನನ್ನು ಕರೆಸಿದರು. ಎತ್ತಿಗೆ ಜೂಲು ಹೊಲಿಯುವವನಂತೆ ಅವನು ಕಾರನ್ನು ಗೇಣು ಹಾಕಿ ಅಳೆದ. ಎರಡು ಪದರ ಕರಿ ಕಂಬಳಿ ಹೊದಿಸಿ, ಹುಣಸೆಬೀಜ ಹುರಿದು ಬೀಸಿ ಕಾಯಿಸಿದ ಗಂಜಿಯನ್ನು ದಪ್ಪಗೆ ಬಳಿದು ಒಣಗಿಸಿದ. ಅವರ ಮಗ್ಗದಲ್ಲಿ ನೂಲಿಗೆ ಬಳಿಯುವ ಗಂಜಿಯೇ ಅದು. ಒಣಗಿದ ಮೇಲೆ ಮುಚ್ಚಳ ಹಲಗೆಯಂತೆ ಬಿಗಿಯಾಯಿತು. "ಮಳೆ ಹನೀನೇ ಇಳಿಯಲ್ಲ ಇದ್ರಾಗೆ, ಗಾಳಿ ಎಲ್ಲಿಂದ ಹೋಗ್ತೈತೆ ಬಿಡ್ರಿ" ಅಂದ. ಎಡಗಡೆಯ ಬಾಗಿಲ ಸಂದಿಯಲ್ಲಿ ಗಾಳಿ ನುಗ್ಗುತ್ತದೆಂದು ಆ ಬಾಗಿಲನ್ನೇ ಕಂಬಳಿಯಿಂದ ಹೊಲಿದು ಮುಚ್ಚಿಬಿಟ್ಟರು. ಹತ್ತುವುದು ಇಳಿಯುವುದು ಎಲ್ಲ ಡ್ರೈವರ್ ಕಡೆಯಿಂದಲೇ. ನೋಡಲು ಪಕ್ಕದಲ್ಲಿ ಅಂಗೈಯಗಲದ ಒಂದು ಗಾಜು ಉಳಿಯಿತು.

ನೋಡಿದರೆ ನಗು ಬರುವಂತಿತ್ತು. ಕುರಿ ಹಟ್ಟಿಗೆ ಚಕ್ರ ಇಟ್ಟ ಹಾಗೆ. ಆದರೆ ಒಳಗೆ ತಂಪು ನಿಂತಿತು. ಈರಬಸಪ್ಪ ಒಳಗೆ ಕೈ ಹಾಕಿ ನೋಡಿ ಹಿಗ್ಗಿದ, ಕೂರಲು ಮಾತ್ರ ಹಿಂಜರಿದ. ಐಸ್ ಫ್ಯಾಕ್ಟರಿಯ ಕತೆ ಅವನಿಗೂ ಗೊತ್ತಿತ್ತು. "ಸಾಬ್ರೆ, ತಪ್ಪು ತಿಳ್ಕಬ್ಯಾಡ್ರಿ. ಗ್ಯಾಸು ಅಂದ್ರೆ ನಂಗೂ ಎದೆ ಡವ ಡವ ಅಂತೈತೆ. ನಾಡಿದ್ದು ಸೇಟು ಕುಂದ್ರೋಕೆ ಮುಂಚೆ, ನಾಳೆ ನಿಮ್ಮನೆಯೋರ್ನ ಕುಂದ್ರಿಸ್ಕಂಡು ಜಾಜೂರು ತಂಕ ಹೋಗ್ಬರ್ರಿ. ಅವ್ರ ಮೂಗು ಚುರುಕು ಅಂತ ನೀವೇ ಹೇಳ್ತೀರಿ" ಅಂದ. ಎಂಥ ಮಾತು! ನಾನಾಗಿದ್ದರೆ ಕಾಲಲ್ಲಿರುವುದನ್ನು ಕೈಗೆ ತಗೊಳ್ಳುತ್ತಿದ್ದೆ. ಸಾಬರು ಬೆವರು ಒರೆಸಿಕೊಂಡು, "ಆಗ್ಲಿ ಸಾವ್ಕಾರ್ರೆ" ಅಂದರು.

ಸಂಜೆ ಅವರು ಮೊದಲ ಸಲ ಆ ಗೋಡೆಯ ಹತ್ತಿರಕ್ಕೆ ಬಂದರು. "ಜಯಕ್ಕ, ನೀವಾದ್ರೂ ಹೇಳಿ ಅವ್ಳಿಗೆ, ಬರಲ್ಲ ಅನ್ಲಿ. ಅವ್ಳು ಬರಲ್ಲ ಅಂದ್ರೆ ನಾನು ಸಾವ್ಕಾರ್ರಿಗೆ ಹೇಳ್ಬಹುದು" ಅಂದರು. ಹೇಳಿದೆ. ಅವಳು ಕೇಳಿದರೆ ತಾನೆ? ಹಬ್ಬಕ್ಕೆ ಉಡುವ ಸೀರೆ ತೆಗೆದಿಟ್ಟು, ಅತ್ತರಿನ ಸೀಸೆ ಹುಡುಕುತ್ತಿದ್ದಳು. ಜೀವಮಾನದಲ್ಲಿ ಕಾರು ಹತ್ತದವಳು. "ಹೋಗ್ರಿ ಅತ್ಲಾಗೆ, ತಣ್ಣಗೆ ಕುಂತ್ಕೊಳ್ಳೋದು ಬಿಟ್ಟು ಈ ತಗಡಿನ ಕೆಳಗೆ ಸಾಯ್ಲಾ?" ಅಂದಳು.

ಮುಂದಿನದನ್ನು ನಾನು ಕಣ್ಣಾರೆ ಕಂಡಿಲ್ಲ. ಗಂಡ ಹೆಂಡತಿ ಇಬ್ಬರ ಬಾಯಿಂದಲೂ ಬೇರೆ ಬೇರೆಯಾಗಿ ಕೇಳಿದ್ದು. ಅವರು ತಮ್ಮತಮ್ಮಲ್ಲಿ ಆಡುವುದು ಉರ್ದು, ನಾನು ನನಗೆ ಬರುವ ಭಾಷೆಯಲ್ಲಿ ಹೇಳುತ್ತಿದ್ದೇನೆ.

ಸುಡು ಮಧ್ಯಾಹ್ನ ಹೊರಟರು. ಹೊಳಲ್ಕೆರೆ ರಸ್ತೆಯಲ್ಲಿ ಡಾಂಬರು ಕರಗಿ ಚಕ್ರಕ್ಕೆ ಅಂಟುತ್ತಿತ್ತು. ಒಳಗೆ ತಾಜ್ ಬೀಗೆ ಮಾತ್ರ ಸ್ವರ್ಗ. ತಣ್ಣನೆ ಗಾಳಿ ಸೀರೆಯ ನೆರಿಗೆಯೊಳಗೆ ಹೋಗಿ, ಕುತ್ತಿಗೆಯ ಬೆವರುಸಾಲೆಯ ಉರಿಯೆಲ್ಲ ಇಳಿಯಿತಂತೆ. ಸಾಬರು ಒಂದೇ ಪ್ರಶ್ನೆ ಹಿಡಿದಿದ್ದರು.

"ವಾಸ್ನೆ ಬಂತೇನು?"

"ಕಂಬಳಿ ವಾಸ್ನೆ. ನನ್ನ ಅತ್ತರು. ಈ ಕಾರಿಗೆ ಯಾವಾಗ್ಲೂ ಇರೋ ಹೊಗೆ. ಮತ್ತೇನೂ ಇಲ್ಲ. ಸುಮ್ನೆ ಓಡ್ಸಿ."

"ಕಣ್ಣು ಉರಿಯುತ್ತಾ? ಗಂಟಲು?"

"ನಿಮ್ಮ ಕಾಟಕ್ಕೆ ತಲೆ ನೋಯ್ತಾ ಇದೆ ಅಷ್ಟೇ."

ಸಾಬರಿಗೂ ತಲೆ ಸಿಡಿಯುತ್ತಿತ್ತು. ಹೊಟ್ಟೆ ತೊಳಸುತ್ತಿತ್ತು. ಹೆದರಿಕೆಗೆ ಅವರಿಗೆ ಯಾವಾಗಲೂ ಹಾಗೇ ಆಗುವುದು, ಆದ್ದರಿಂದ ಹೆದರಿಕೆಯೇ ಅಂದುಕೊಂಡರು. ಬೇರೆ ಯಾವ ಗಂಡಸಾಗಿದ್ದರೂ ಇದೇನು ತಲೆನೋವು ಎಂದು ಕಾರು ನಿಲ್ಲಿಸುತ್ತಿದ್ದ. ಜೀವನವಿಡೀ ಹೆದರಿ ಹೆದರಿ ಅಭ್ಯಾಸವಾದವರಿಗೆ ಅದು ಹೊಸದಾಗಿ ಕಾಣಲಿಲ್ಲ.

ಚಿಕ್ಕಜಾಜೂರು ಇನ್ನೇನು ಬಂತು ಅನ್ನುವಾಗ ರೈಲ್ವೆ ಗೇಟು ಹಾಕಿತ್ತು. ಗೂಡ್ಸ್ ಗಾಡಿ ಬರುವುದಿತ್ತು. ಗೇಟಿನ ಮುಂದೆ ಒಂದು ಎತ್ತಿನ ಗಾಡಿ, ಒಂದು ಕುರಿ ಹಿಂಡು. ಸಾಬರು ಇಂಜಿನ್ ನಿಲ್ಲಿಸಲು ಕೈ ಹಾಕಿದರೆ ತಾಜ್ ಬೀ ತಡೆದಳು. "ನಿಲ್ಲಿಸ್ಬೇಡ್ರಿ, ತಂಪು ಹೋಗುತ್ತೆ." ಸೇಟು ಕೂತಾಗಲೂ ಗೇಟು ಹಾಕಿರಬಹುದು, ನಿಂತ ಕಾರಿನಲ್ಲಿ ಹೇಗಿರುತ್ತದೋ ಅದನ್ನೂ ನೋಡಬೇಕು ಎಂದು ಸಾಬರಿಗೂ ಅನ್ನಿಸಿತು. ಇಂಜಿನ್ ಓಡುತ್ತಿರಲಿ ಎಂದು ಬಿಟ್ಟು ಕೆಳಗಿಳಿದರು. ಬಾಗಿಲನ್ನು ಬಿಗಿಯಾಗಿ ಹಾಕಿದರು.

ಹೊರಗೆ ಬಂದು ನಿಂತ ಸ್ವಲ್ಪ ಹೊತ್ತಿಗೆ ತಲೆ ಹಗುರಾಯಿತು. ಗ್ಯಾಸಿನಿಂದ ದೂರ ಬಂದೆನಲ್ಲ, ಹೆದರಿಕೆ ಇಳಿಯಿತು ಅಂದುಕೊಂಡರು. ರೇಡಿಯೇಟರ್ ಕುದಿಯುವ ಹಾಗೆ ಸದ್ದು ಮಾಡುತ್ತಿತ್ತು, ಅದಕ್ಕೆ ಒದ್ದೆ ಗೋಣಿ ಹಾಕಿದರು. ಸೋಪಿನ ನೀರಿನ ಡಬ್ಬಿ ತೆಗೆದು ಒಂದೊಂದು ಪೈಪಿಗೂ ಬಳಿದು ಬಗ್ಗಿ ನೋಡಿದರು. ಗುಳ್ಳೆ ಇಲ್ಲ. ಆ ಪುಟ್ಟ ಗಾಜಿನ ಹತ್ತಿರ ಬಂದು, "ವಾಸ್ನೆ?" ಎಂದು ಕೂಗಿದರು. ಒಳಗಿಂದ ಅವಳು ತಲೆಯಾಡಿಸಿದಳು, ಇಲ್ಲ. ಮತ್ತೆ ಪೈಪು, ಮತ್ತೆ ಸೋಪಿನ ನೀರು. ಇನ್ನೊಮ್ಮೆ ಬಂದು ಕೂಗಿದಾಗ ಅವಳು ತಲೆಯಾಡಿಸಲಿಲ್ಲ. ಕಣ್ಣು ಮುಚ್ಚಿತ್ತು. ತಲೆ ಸೀಟಿನ ಹಿಂದಕ್ಕೆ ಒರಗಿತ್ತು. ಕೆನ್ನೆಗೆ ಒಂದು ಕೆಂಪು ಏರಿ, ಮದುವೆಯ ದಿನದ ಮುಖದಂತೆ ಕಾಣುತ್ತಿತ್ತಂತೆ. ಬೇಸಿಗೆಯಿಡೀ ನಿದ್ದೆಗೆಟ್ಟವಳು ಮಲಗಿದಳಲ್ಲ ಎಂದು ಸಾಬರು ಹಿಗ್ಗಿದರು. ಎಚ್ಚರವಾದೀತು ಎಂದು ಹೆಜ್ಜೆ ಸದ್ದು ಮಾಡದೆ ಈಚೆ ಬಂದರು.

ಅವಳು ಅತ್ತ ಹೋಗುತ್ತಿದ್ದಳು, ಇವರು ಸದ್ದು ಮಾಡದೆ ಈಚೆ ಬಂದರು.

ಕುರಿ ಹಿಂಡಿನ ಯಜಮಾನಿ ಓಬಕ್ಕ ಅಂತ. ಕಂಬಳಿ ಹೊದ್ದ ಕಾರು ಅವಳಿಗೆ ಸೋಜಿಗ. ತಾನೇ ಬಂದು ಗಾಜಿಗೆ ಮುಖ ಒತ್ತಿ ಇಣುಕಿದಳು. ಬೆರಳಿನಿಂದ ತಟ್ಟಿದಳು. ಮತ್ತೆ ಜೋರಾಗಿ ತಟ್ಟಿದಳು. "ಯಣ್ಣಾ, ಈಯಮ್ಮ ಏಳ್ತಿಲ್ಲ."

"ನಿದ್ದೆ ಮಾಡ್ತವ್ಳೆ ಕಣಮ್ಮ, ಬಿಡು."

"ಎಂಥ ನಿದ್ದೆ? ಬಾಯಾಗೆ ನೊರೆ ಬರ್ತೈತೆ, ನೋಡು ಬಾ!"

ಸಾಬರು ಓಡಿ ಬಾಗಿಲು ತೆಗೆದು ಒಳಗೆ ನುಗ್ಗಿದರು. ರೆಟ್ಟೆ ಹಿಡಿದು ಎಳೆದರು. ತಾಜ್ ಬೀ ಮೂಟೆಯಂತೆ ವಾಲಿದಳು. ಅವಳ ಮೊಣಕಾಲು ಆ ತಂಪಿನ ಪೆಟ್ಟಿಗೆಗೂ ಗೇರ್ ಕೋಲಿಗೂ ನಡುವೆ ಸಿಕ್ಕಿಕೊಂಡಿತ್ತು. ಎಳೆದಷ್ಟೂ ಬಿಗಿಯಾಯಿತು. ಒಳಗೆ ತಲೆ ಹಾಕಿದ ಅಷ್ಟರಲ್ಲಿ ಸಾಬರಿಗೂ ಕಣ್ಣು ಕತ್ತಲೆ ಬಂತು. ಇಂಜಿನ್ ಆರಿಸಬೇಕೆಂದೂ ತೋಚಲಿಲ್ಲ. ಆ ಕಡೆಯ ಬಾಗಿಲು ಇದ್ದಿದ್ದರೆ ಇಬ್ಬರು ಹಿಡಿದು ಸಲೀಸಾಗಿ ಇಳಿಸಬಹುದಿತ್ತು. ಅದನ್ನು ತಾವೇ ನಿಂತು ಹೊಲಿಸಿದ್ದರು.

"ಹರೀರಿ! ಕಂಬಳಿ ಹರೀರಿ!" ಎಂದು ಅರಚಿದರು.

ಓಬಕ್ಕನ ಕೈಯಲ್ಲಿ ಕುರಿಗೆ ಸೊಪ್ಪು ಕೊಯ್ಯುವ ಉದ್ದ ಕೋಲಿತ್ತು, ತುದಿಗೆ ಕುಡುಗೋಲು. ಆದರೆ ಅವಳು ಕುರುಬರ ಹೆಂಗಸು. ಕಂಬಳಿ ಹಾಸಿ ಅದರ ಮೇಲೆ ದೇವರನ್ನು ಕೂರಿಸುವ ಮಂದಿ ಅವರು, ಕಾಲು ತಗುಲಿದರೂ ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಾರೆ. ಕುಡುಗೋಲು ಎತ್ತಿದವಳು ಒಂದು ಗಳಿಗೆ ತಡೆದಳು. ಆಮೇಲೆ "ತಪ್ಪಾತಪ್ಪ" ಎಂದು ಯಾವ ದೇವರಿಗೋ ಹೇಳಿ ಹಾಕಿ ಸೀಳಿದಳು. ಗಂಜಿ ಬಿಗಿದ ಕಂಬಳಿ ಸುಲಭಕ್ಕೆ ಹರಿಯಲಿಲ್ಲ. ಗಾಡಿಯವನೂ ಬಂದು ಕೈ ಹಾಕಿದ. ಮೂವರೂ ಸೇರಿ ಅವಳನ್ನು ಆ ಸೀಳಿನಿಂದ ಹೊರಗೆಳೆದು, ಓಬಕ್ಕ ಹೊದ್ದಿದ್ದ ಕಂಬಳಿಯನ್ನೇ ಹುಣಸೆಮರದ ನೆರಳಲ್ಲಿ ಹಾಸಿ ಮಲಗಿಸಿದರು.

ಸಾಬರು ಅವಳ ಮೂಗಿನ ಹತ್ತಿರ ಕಿವಿಯಿಟ್ಟರು. ಅಷ್ಟರಲ್ಲಿ ಗೂಡ್ಸ್ ಗಾಡಿ ಬಂತು. ನೆಲ ನಡುಗಿಸುತ್ತಾ ಡಬ್ಬಿಯ ಹಿಂದೆ ಡಬ್ಬಿ, ಮುಗಿಯುವುದೇ ಇಲ್ಲ. ಉಸಿರಿದ್ದರೂ ಕೇಳುವಂತಿಲ್ಲ. ಕಿವಿ ಬಿಟ್ಟು ಅಂಗೈ ಇಟ್ಟರು. ವರ್ಷಾನುಗಟ್ಟಲೆ ಬೆಸುಗೆಯ ಬೆಂಕಿಗೆ ಒಡ್ಡಿ ಜಡ್ಡುಗಟ್ಟಿದ ಅಂಗೈ, ಅದಕ್ಕೆ ಏನೂ ತಿಳಿಯಲಿಲ್ಲ. ಮೂಗು ಮೊದಲೇ ಇಲ್ಲ. "ಜಯಕ್ಕ, ಅವ್ಳು ಬದುಕವ್ಳೋ ಇಲ್ವೋ ಅಂತ ತಿಳ್ಕೊಳ್ಳೋಕೆ ನನ್ನ ಮೈಯಾಗೆ ಒಂದೂ ಕೆಲಸಕ್ಕೆ ಬರಲಿಲ್ಲ" ಎಂದು ಅವರು ಆಮೇಲೆ ನನಗೆ ಹೇಳಿದರು. ಗಾಡಿ ಹೋಗುತ್ತಲೇ ಇತ್ತು. ಅವರು ಅವಳ ಹೆಸರು ಕೂಗುತ್ತಿದ್ದರು, ಆ ಕೂಗು ಅವರಿಗೇ ಕೇಳುತ್ತಿರಲಿಲ್ಲ.

ಓಬಕ್ಕ ಏನು ಮಾಡಿದಳು ಗೊತ್ತೇ? ಪಕ್ಕದಲ್ಲಿದ್ದ ಮರಿಯ ಬೆನ್ನಿಂದ ಒಂದು ಎಳೆ ಉಣ್ಣೆ ಕಿತ್ತಳು. ಬೆರಳ ತುದಿಯಲ್ಲಿ ಹಿಡಿದು ತಾಜ್ ಬೀಯ ಮೂಗಿನ ಕೆಳಗೆ ಇಟ್ಟಳು. ಎಲ್ಲರೂ ಅದನ್ನೇ ನೋಡಿದರು. ಉಣ್ಣೆ ಅಲುಗಲಿಲ್ಲ. ಸಾಬರು ನೆಲಕ್ಕೆ ಹಣೆ ಹಚ್ಚಿದರು. ಓಬಕ್ಕ ಅವರ ಭುಜ ಹಿಡಿದು ಎಬ್ಬಿಸಿ ತೋರಿಸಿದಳು. ಉಣ್ಣೆ ಒಂದಿಷ್ಟು ಅಲುಗಿತು, ನಿಂತಿತು, ಮತ್ತೆ ಅಲುಗಿತು.

ಗೇಟಿನವನು ನೀರು ತಂದ. ಗಾಳಿ ಹಾಕಿದರು, ಅಂಗಾಲು ತಿಕ್ಕಿದರು. ತುಂಬ ಹೊತ್ತಿನ ಮೇಲೆ ಅವಳು ವಾಂತಿ ಮಾಡಿಕೊಂಡು ಕಣ್ಣು ಬಿಟ್ಟಳು. ಸುತ್ತ ನೋಡಿದಳು. ಬಿಸಿಲು, ಧೂಳು, ಕುರಿಗಳು. ಅಳುತ್ತಿದ್ದ ಗಂಡನನ್ನು ನೋಡಿ, ಸಿಟ್ಟಿನಿಂದ ಕೇಳಿದಳು: "ಅಷ್ಟು ತಣ್ಣಗೆ ಮಲಗಿದ್ದೆ. ಯಾಕೆ ಎಬ್ಬಿಸಿದ್ರಿ?"

ಅದೇ ಹರಿದ ಕಾರಿನಲ್ಲಿ ವಾಪಸು ಬರುತ್ತಾ ಹೊಳಲ್ಕೆರೆಯಲ್ಲಿ ಒಬ್ಬ ಡಾಕ್ಟರಿಗೆ ತೋರಿಸಿದರು. ಅವರು ಕಾರನ್ನೂ ಬಗ್ಗಿ ನೋಡಿ, ನಿಮ್ಮ ತಂಪಿನ ಗ್ಯಾಸು ಏನೂ ಮಾಡಿಲ್ಲ, ಇಂಜಿನ್ ಹೊಗೆ ಈ ತೂತಿನಿಂದ ಒಳಗೆ ಬಂದು ಹೊರಗೆ ಹೋಗಲು ದಾರಿಯಿಲ್ಲದೆ ತುಂಬಿಕೊಂಡಿದೆ ಅಂದರು. ಆ ಹೊಗೆಯೊಳಗಿನ ವಿಷಕ್ಕೆ ವಾಸನೆಯಿಲ್ಲ, ಅದು ನಿದ್ದೆ ಬರಿಸಿಯೇ ಕೊಲ್ಲುತ್ತದೆ. ಮುಚ್ಚದೇ ಇದ್ದಿದ್ದರೆ ಏನೂ ಆಗುತ್ತಿರಲಿಲ್ಲವಂತೆ.

ಮರುದಿನ ಬೆಳಿಗ್ಗೆ ಈರಬಸಪ್ಪ ಬಂದ. ಹರಿದ ಮುಚ್ಚಳ ನೋಡಿ ತಲೆ ಮೇಲೆ ಕೈ ಹೊತ್ತು ಕೂತ. "ಆತು, ಜೀವ ಉಳೀತಲ್ಲ, ದೇವ್ರು ದೊಡ್ಡೋನು. ಆ ಸೈಲೆನ್ಸರ್‌ಗೆ ಒಂದು ತಗಡು ಬಡಿದು, ತೂತಿಗೆ ಬಿರಡೆ ಜಡಿದು, ಕಂಬಳಿ ಹೊಲಿದ್ಬಿಡ್ರಿ. ಸೇಟು ನಾಲ್ಕು ಗಂಟೆ ಗಾಡಿಗೆ ಬರ್ತಾನೆ" ಅಂದ. ನಾನು ಗೋಡೆಯಾಚೆಯಿಂದ ಬಾಯಿಗೆ ಬಂದದ್ದೆಲ್ಲ ಅಂದುಬಿಡೋಣ ಎಂದು ಸೆರಗು ಸಿಕ್ಕಿಸುತ್ತಿದ್ದೆ. ಅಷ್ಟರಲ್ಲಿ ಸಾಬರು ಎದ್ದರು. ಸ್ಪ್ಯಾನರ್ ತಗೊಂಡರು. ಕಾರಿನ ಮುಂದೆ ಮಂಡಿಯೂರಿ ಕೂತು, ಗ್ಯಾಸಿನ ಪೈಪಿನ ನಟ್ಟನ್ನು ಬಿಚ್ಚಿಬಿಟ್ಟರು. ಹಾವು ಬುಸುಗುಟ್ಟಿದಂತೆ ಗ್ಯಾಸು ಹೊರಬಿತ್ತು. ಈರಬಸಪ್ಪ ಬೀದಿಯ ಆ ತುದಿಗೆ ಓಡಿದ. ನಾನೂ ಬಾಗಿಲು ಹಾಕಿಕೊಂಡು ಕಿಟಕಿಯಲ್ಲಿ ಇಣುಕಿದೆ. ಸಾಬರು ಮಾತ್ರ ಕದಲಲಿಲ್ಲ. ಅಷ್ಟು ವರ್ಷ ಯಾವುದಕ್ಕೆ ಹೆದರಿ ಸತ್ತಿದ್ದರೋ ಅದರ ಎದುರಿಗೇ ಮುಖವಿಟ್ಟು, ಅದು ಖಾಲಿಯಾಗಿ ಸದ್ದು ನಿಲ್ಲುವವರೆಗೂ ಕೂತಿದ್ದರು. ಆಮೇಲೆ, "ಸೇಟೂನ ಅಂಬಾಸಿಡರ್‌ನಾಗೆ ಕರ್ಕಂಬರ್ರಿ ಸಾವ್ಕಾರ್ರೆ" ಅಂದರು.

ಅಲ್ಲಿಗೆ ಅವರ ಹೆದರಿಕೆ ಹೋಯಿತು ಎಂದುಕೊಂಡೆ. ಎಲ್ಲಿಯ ಮಾತು! ಇನ್ನೊಂದು ಬಂದು ಕೂತಿತು. ಮೊದಲು ಹೆಂಡತಿಗೆ ನಿದ್ದೆ ಬರಲಿ ಎಂದು ಬೀಸಣಿಗೆ ಬೀಸುತ್ತಿದ್ದವರು, ಈಗ ಅವಳಿಗೆ ನಿದ್ದೆ ಬಂದರೆ ಸಾಕು, ಎಬ್ಬಿಸಿಬಿಡುತ್ತಿದ್ದರು. ಮಧ್ಯಾಹ್ನ ಅವಳು ಹಿತ್ತಿಲ ನೆರಳಲ್ಲಿ ಕಣ್ಣು ಮುಚ್ಚಿದ್ದನ್ನು ಕಂಡರೆ ಹೋಗಿ ಅಲುಗಿಸುವರು. ಅವಳು ಬೈಯುವಳು. ಬೈದಷ್ಟೂ ಅವರಿಗೆ ಸಮಾಧಾನ. ಇವಳೂ ಸುಮ್ಮನಿರುವವಳಲ್ಲ. ಬೇಸಿಗೆ ಬಂತೆಂದರೆ ಬೆವರುಸಾಲೆ ಕೆರೆದುಕೊಳ್ಳುತ್ತಾ, "ಅಂಥ ನಿದ್ದೆ ಮತ್ತೆ ಬರಲಿಲ್ಲ ಜಯಕ್ಕ. ಇನ್ನೊಂದು ಸಲ ಸಿಕ್ಕಿದ್ರೆ" ಎಂದು ಗಂಡನ ಎದುರಿಗೇ ಅನ್ನುವಳು. ಅದನ್ನು ಆಡಬೇಡ ಎಂದು ನಾನು ಎಷ್ಟು ಬೈದಿದ್ದೇನೋ. "ನಿಜ ತಾನೆ ಹೇಳ್ತಿರೋದು?" ಅನ್ನುವಳು.

ಒಂದು ಏಪ್ರಿಲ್ಲಿನ ಸಂಜೆ ಅವಳು ಆ ಮಾತು ಆಡಿ ನೀರು ತರಲು ನಲ್ಲಿಯ ಕಡೆ ಹೋದಳು. ಸಾಬರು ನಮ್ಮ ಅಂಗಳದಲ್ಲಿ ಕೂತಿದ್ದರು, ನಾನು ಚಹಾ ಕೊಟ್ಟಿದ್ದೆ.

"ಜಯಕ್ಕ, ಮದ್ವೆ ಆಗಿ ಇಷ್ಟು ವರ್ಷ ಆತು. ಅವ್ಳು ಖುಷಿಯಾಗಿದ್ದಿದ್ದು ಅಂತ ಅವ್ಳ ಬಾಯಾಗೆ ಬರೋದು ಅದೊಂದೇ ಹೊತ್ತು. ನಾನೇ ಅವ್ಳನ್ನ ಕೊಲ್ತಿದ್ದ ಹೊತ್ತು."

ತಾಜ್ ಬೀ ತುಂಬಿದ ಕೊಡ ಹೊತ್ತು ಬೀದಿಯ ತಿರುವಿನಲ್ಲಿ ಕಾಣಿಸುವವರೆಗೂ ಅವರು ಆ ಕಡೆಯೇ ನೋಡುತ್ತಿದ್ದರು. ನಾನೂ ನೋಡುತ್ತಿದ್ದೆ.